ಹೂ ಬಿಟ್ಟರೆ ಮನೆ ಬಿಡಿ

ಹಲಸೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿಗೆ ಕ್ಯಾಲೆಂಡರಿನ ಮೇಲೆ ನಂಬಿಕೆ ಇರಲಿಲ್ಲ. ಅವರ ನಡುಮನೆಯ ಗೋಡೆಯ ಮೇಲೆ ನಾಲ್ಕಾರು ಕ್ಯಾಲೆಂಡರು ನೇತಾಡುತ್ತಿದ್ದವು, ನಿಜ. ಆದರೆ ಅವು ಇದ್ದದ್ದು ದೇವರ ಪಟಕ್ಕಾಗಿ. ವರ್ಷ ಮುಗಿದರೂ ಅವನ್ನು ಇಳಿಸುತ್ತಿರಲಿಲ್ಲ, ಊದಿನಕಡ್ಡಿ ಹಚ್ಚುತ್ತಿದ್ದರು. ದಿನದ ಲೆಕ್ಕಕ್ಕೆ ಅವರು ನೋಡುತ್ತಿದ್ದದ್ದು ಕಾಂಪೌಂಡಿನ ಒಳಗಿನ ಹೂಗಳನ್ನು. ಸಿಲಿಂಡರ್ ಯಾವಾಗ ಬಂತು ಎಂದು ಕೇಳಿದರೆ "ಕನಕಾಂಬರ ಜೋರಾಗಿತ್ತಲ್ಲ, ಆವಾಗ" ಎನ್ನುವರು. ಗಂಡ ತೀರಿಕೊಂಡದ್ದು ಮೇ ಫ್ಲವರ್ ಬಿಟ್ಟಾಗ. ಮೇ ಫ್ಲವರ್ ಎಂದರೆ ಅವರ ಪಾಟಿನಲ್ಲಿದ್ದ ಗಡ್ಡೆ. ವರ್ಷವೆಲ್ಲ ಮಣ್ಣೊಳಗೆ ಮಲಗಿದ್ದು ಬೇಸಿಗೆಯ ಮಳೆ ಬಿದ್ದಾಗ ಒಂದೇ ಒಂದು ಕೆಂಪು ಚೆಂಡನ್ನು ಮೇಲಕ್ಕೆ ಎತ್ತಿ ತೋರಿಸಿ ಮತ್ತೆ ಮಲಗಿಬಿಡುತ್ತಿತ್ತು. ನಾವು ಬಾಡಿಗೆಗೆ ಬಂದದ್ದು ಅವರ ಪ್ರಕಾರ "ಡಿಸೆಂಬರ್ ಹೂವಿನ ಕಾಲದಲ್ಲಿ". ಅದೊಂದು ಮಾತ್ರ ನಮಗೂ ಸುಲಭವಾಗಿ ಅರ್ಥವಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾವು ಯಾದಗಿರಿ ಕಡೆಯವರು. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಕೆ.ಆರ್. ಪುರದ ಆಚೆ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ. ಓನರಮ್ಮನ ಮನೆ ಬೀದಿಗೆ ಮುಖ ಮಾಡಿತ್ತು. ಅದರ ಬೆನ್ನಿಗೆ ಒಂದು ಶೀಟಿನ ರೂಮು, ಅದಕ್ಕಂಟಿದ ಅಡುಗೆ ಮೂಲೆ, ಅದು ನಮ್ಮದು. ಎರಡರ ನಡುವೆ ಒಂದು ಮಾವಿನ ಮರ, ಅರ್ಧ ನಮ್ಮ ಶೀಟಿನ ಮೇಲೆ, ಅರ್ಧ ಅವರ ಟೆರೇಸಿನ ಮೇಲೆ ಒರಗಿಕೊಂಡಿತ್ತು. ಮೊದಲ ದಿನ ನಾನು ಮಾತಾಡಿಸಲೆಂದು "ಗಿಡ ಭಾಳ ದೊಡ್ಡದದ ಅಮ್ಮಾರ" ಎಂದೆ. ನಮ್ಮ ಕಡೆ ಅದು ಮುಗಿಲು ಮುಟ್ಟಿದರೂ ಗಿಡವೇ. ಓನರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಿಡ ಅಂದ್ರೆ ಪಾಟಲ್ಲಿರೋದು ಮಾ. ಇದು ಮರ" ಎಂದರು. ಅವರ ಮನೆಮಾತು ತಮಿಳು. ಕನ್ನಡದಲ್ಲಿ ನನ್ನನ್ನು ತಿದ್ದುವುದರಲ್ಲಿ ಅವರಿಗೆ ವಿಶೇಷ ಸಂತೋಷವಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ದಿನದಿಂದ ಬೇಕೆಂದೇ ಗಿಡ ಎನ್ನುತ್ತಿದ್ದೆ, ಅವರು ಬೇಕೆಂದೇ ಮರ ಎನ್ನುತ್ತಿದ್ದರು.

ಎರಡನೆಯ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಓನರಮ್ಮ ನಮ್ಮ ಬಾಗಿಲಿಗೆ ಬಂದು ನಿಂತರು.

"ನೋಡಪ್ಪಾ, ಈ ಶೀಟ್ ರೂಮ್ ಕೆಡವಿ ಎರಡು ಫ್ಲೋರ್ ಹಾಕ್ಸ್ಬೇಕು ಅಂತಿದೀನಿ. ಮೇಸ್ತ್ರಿಗೂ ಹೇಳ್ಬಿಟ್ಟಿದೀನಿ. ಮಾವು ಹೂ ಬಿಟ್ಟ ತಕ್ಷಣ ನೀವು ಮನೆ ಬಿಡ್ಬೇಕು."

ನಮ್ಮವರು ತಬ್ಬಿಬ್ಬಾಗಿ, "ಯಾವ ತಾರೀಖಿಗ್ರೀ ಅಮ್ಮಾರ?" ಎಂದು ಕೇಳಿದರು.

"ತಾರೀಖು ಯಾಕೆ? ಹೂ ಬಿಟ್ರೆ ಕಣ್ಣಿಗೆ ಕಾಣ್ಸಲ್ವಾ? ಸಂಕ್ರಾಂತಿ ಹಿಂದೆಮುಂದೆ ಬಿಡುತ್ತೆ. ಅದು ಬಿಟ್ರೆ ನೀವೂ ಬಿಡಿ, ಅಷ್ಟೆ."

ಅವರು ಹೋದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಏಕೆಂದರೆ ನನಗೆ ಆಗ ನಾಲ್ಕನೆಯ ತಿಂಗಳು. ಓನರಮ್ಮನಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದು ನಾವು ತಿಳಿದಿದ್ದೆವು. ರೂಮು ಕೊಡುವ ದಿನವೇ ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಎಳೇ ಕೂಸಿರೋರಿಗೆ ಕೊಡಲ್ಲ. ದಿನಾ ಅಷ್ಟೊಂದು ಬಟ್ಟೆ ಒಗೆಯಕ್ಕೆ ನೀರು ಎಲ್ಲಿಂದ ತರ್ಲಿ?" ಹಾಗಾಗಿ ಬಸುರಿನ ಸುದ್ದಿ ನಮ್ಮ ಶೀಟಿನ ಕೆಳಗೇ ಉಳಿದಿತ್ತು.

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಮಾಡಿದೆವು. ಅತ್ತೆಯವರು ಒಂದೇ ಮಾತಿಗೆ ಕಡಿದು ಹಾಕಿದರು: "ಬಸುರಿ ಹೆಣಮಗಳು ಮನಿ ಬದಲಿ ಮಾಡಬಾರದು. ಹಡದ ಮ್ಯಾಲ ಎಲ್ಲಿಗಿ ಬೇಕಾದರ ಹೋಗ್ರಿ." ಆ ಪದ್ಧತಿಯನ್ನು ನಾನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ನನ್ನ ಭಯ ಬೇರೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನನ್ನ ಅವ್ವ ನನ್ನ ಮದುವೆಗೂ ಮುಂಚೆಯೇ ತೀರಿಕೊಂಡಿದ್ದಳು, ನನಗೆ ತವರೆಂಬುದು ಇರಲಿಲ್ಲ. ಹಲಸೂರಿನಲ್ಲಾದರೆ ಹೆರಿಗೆ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ, ನೋವು ಬಂದರೆ ಕೂಗಿದರೆ ಓಡಿ ಬರುವ ಅಕ್ಕಪಕ್ಕದವರು. ಇಲ್ಲಿ ಬಿಟ್ಟರೆ ನಮ್ಮ ಕೈಗೆಟುಕುವ ಮನೆ ಸಿಗುವುದು ಮಾರತ್ತಹಳ್ಳಿಯ ಕಡೆ, ಆಗ ಅಲ್ಲಿ ಹೊಲದ ನಡುವೆ ಒಂದೊಂದು ಮನೆ. ನಮ್ಮವರು ಶೆಡ್ಡಿಗೆ ಹೋದ ಹೊತ್ತಿನಲ್ಲಿ ನಾನೊಬ್ಬಳೇ ಅಲ್ಲಿ ನರಳುವುದನ್ನು ನೆನೆದು ರಾತ್ರಿ ಎದ್ದು ಕೂರುತ್ತಿದ್ದೆ.

ಇದರ ಮೇಲೆ ಬಯಕೆ ಬೇರೆ. ಯಾವುದರ ಬಯಕೆ ಎಂದು ಕೇಳಬೇಡಿ, ಮಾವಿನಕಾಯಿಯದೇ. ಉಪ್ಪು ಕಾರ ಹಚ್ಚಿದ ಎಳೇ ಮಾವಿನಕಾಯಿ ಕನಸಿನಲ್ಲೆಲ್ಲ ಬರುತ್ತಿತ್ತು. ನಮ್ಮವರು ರಸೆಲ್ ಮಾರ್ಕೆಟ್ಟನ್ನು ಮೂಲೆ ಮೂಲೆ ಹುಡುಕಿ ಒಮ್ಮೆ ನೆಲ್ಲಿಕಾಯಿ ತಂದರು, ಒಮ್ಮೆ ಹುಣಸೆಕಾಯಿ ತಂದರು, ಮತ್ತೊಮ್ಮೆ ಹುಳಿ ಎಂದು ಕಿತ್ತಳೆ ತಂದರು. ನಾನು ಕಿತ್ತಳೆಯನ್ನು ಅವರ ಕೈಗೇ ವಾಪಸು ಕೊಟ್ಟೆ.

"ಗಿಡ ಹೂ ಬಿಡಬಾರದು ಅಂತೀದಿ, ಕಾಯಿ ಬೇಕಂತೀದಿ. ನೀ ಯಾರ ಕಡೀಗಿದ್ದಿ?" ಎಂದು ನಮ್ಮವರು ಕೇಳಿದರು.

ನಾನು ಎರಡೂ ಕಡೆಗಿದ್ದೆ. ಬೆಳಿಗ್ಗೆ ಎದ್ದು ಮರವನ್ನು ನೋಡಿ, ಈ ವರ್ಷ ಹೂ ಬಿಡಬೇಡ ತಾಯಿ ಎನ್ನುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ನೀರು ಬಂದು, ಒಂದೇ ಒಂದು ಕಾಯಿ ಬಿಡಬಾರದೇನು ನಿನಗೆ ಎಂದು ಬೈಯುತ್ತಿದ್ದೆ.

ನನ್ನ ಬೆಳಗಿನ ಮಾತು ಯಾರಿಗೆ ಕೇಳಿಸಿತೋ, ಆ ವರ್ಷ ಮಳೆ ನಿಲ್ಲಲಿಲ್ಲ. ಕಾರ್ತಿಕದಲ್ಲಿ ಗಂಟುಮೂಟೆ ಕಟ್ಟಬೇಕಾದ ಮಳೆ ಡಿಸೆಂಬರಿನಲ್ಲೂ ದಿನ ಬಿಟ್ಟು ದಿನ ಹಾಜರಾಗುತ್ತಿತ್ತು. ಶೀಟಿನ ಮೇಲೆ ಅದರ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ನನಗೆ ಅನುಕೂಲವೇ ಆಯಿತು, ವಾಂತಿಯ ಸದ್ದೂ ಹೊರಗೆ ಹೋಗುತ್ತಿರಲಿಲ್ಲ. ಮಳೆಯಿಲ್ಲದ ಬೆಳಗುಗಳಲ್ಲಿ ನಾನು ಬಚ್ಚಲಿಗೆ ಓಡಿದ ಕೂಡಲೇ ನಮ್ಮವರು ಅಂಗಳದಲ್ಲಿ ನಿಂತು ಜೋರಾಗಿ ಕೆಮ್ಮಬೇಕೆಂದು ಒಪ್ಪಂದವಾಗಿತ್ತು. ಪಾಪ, ನಿಯತ್ತಾಗಿ ಕೆಮ್ಮುತ್ತಿದ್ದರು. ಒಂದು ವಾರದೊಳಗೆ ಓನರಮ್ಮ ಲೋಟದಲ್ಲಿ ಬಿಸಿ ಕಷಾಯ ಹಿಡಿದು ಬಂದರು.

"ನಿನ್ ಯಜಮಾನ್ರಿಗೆ ಕೊಡು ಮಾ. ಏನ್ ಕೆಮ್ಮು ಅದು! ಅವ್ರು ಕುಡೀಲಿಲ್ಲ ಅಂದ್ರೆ ನೀನೇ ಕುಡಿ, ಶುಂಠಿ ಜಾಸ್ತಿ ಹಾಕಿದೀನಿ. ವೇಸ್ಟ್ ಮಾಡ್ಬೇಡ."

ದಿನವೂ ಲೋಟ ಬರತೊಡಗಿತು. ನಮ್ಮವರು ವಾಸನೆಗೇ ಮುಖ ಸಿಂಡರಿಸುತ್ತಿದ್ದರು, ನಾನೇ ಕುಡಿಯುತ್ತಿದ್ದೆ. ವಾಂತಿಯೂ ಕಡಿಮೆಯಾಯಿತು. ಓನರಮ್ಮನನ್ನು ಎಷ್ಟು ಚೆನ್ನಾಗಿ ಯಾಮಾರಿಸಿದೆವು ಎಂದು ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಮಳೆಯಿಂದ ಓನರಮ್ಮನ ಪಂಚಾಂಗವೆಲ್ಲ ತಲೆಕೆಳಗಾಯಿತು. ಕನಕಾಂಬರ ಕೊಳೆತು ಹೋಯಿತು. ಮಳೆ ಬಂದಾಗಲೆಲ್ಲ ಅರಳುವ ಲಿಲ್ಲಿ ಗೊಂದಲಕ್ಕೆ ಬಿದ್ದು ಚಳಿಗಾಲದಲ್ಲೇ ಗೋಡೆಯುದ್ದಕ್ಕೂ ಗುಲಾಬಿ ಬಣ್ಣ ಚೆಲ್ಲಿತು. ಡಿಸೆಂಬರ್ ಹೂವಿನ ಗಿಡ ಡಿಸೆಂಬರ್ ಪೂರ್ತಿ ಬರೀ ಎಲೆ ಹೊತ್ತು ನಿಂತಿದ್ದು ಸಂಕ್ರಾಂತಿ ಮುಗಿದ ಮೇಲೆ ನಿಧಾನವಾಗಿ ಮೊಗ್ಗು ತೋರಿಸಿತು. ಓನರಮ್ಮ ಸೊಂಟದ ಮೇಲೆ ಕೈಯಿಟ್ಟು ಅದನ್ನು ವಿಚಾರಿಸುತ್ತಿದ್ದದ್ದು ನನಗೆ ಕೇಳಿಸಿತು: "ಏಯ್, ನಿನ್ ಹೆಸರೇನು? ಡಿಸೆಂಬರ್ ತಾನೆ? ಈಗ ಬಂದು ನಿಂತಿದೀಯಲ್ಲ, ನಾಚ್ಕೆ ಆಗಲ್ವಾ?"

ಮಾವಿನ ಮರದ ಕಥೆಯೂ ಅದೇ. ಸಂಕ್ರಾಂತಿಯ ಎಳ್ಳುಬೆಲ್ಲ ಬೀರಲು ಬಂದ ಓನರಮ್ಮ ನಮ್ಮ ಅಂಗಳದಲ್ಲಿ ನಿಂತು ಕತ್ತೆತ್ತಿದರು. ಕೊಂಬೆಗಳ ತುದಿ ಕೆಂಪಗೆ ಹೊಳೆಯುತ್ತಿತ್ತು.

"ಏನ್ಮಾ, ಹೂ ಬಿಟ್ಟಂಗಿದೆ?"

"ಹೂವಲ್ರೀ ಅಮ್ಮಾರ, ಚಿಗುರು ಅದ ಅದು. ಎಲಿ, ಬರೇ ಎಲಿ" ಎಂದು ಒಂದು ರೆಂಬೆಯನ್ನು ಎಳೆದು ಅವರ ಕನ್ನಡಕದ ಮುಂದೆ ಹಿಡಿದೆ. ತಾಮ್ರದ ಬಣ್ಣದ ಎಳೆ ಎಲೆ, ಮುಟ್ಟಿದರೆ ಬಾಡುವಂಥದು. ಅವರು ಮೂಸಿ ನೋಡಿ, "ಕರ್ಮ" ಎಂದು ಹೊರಟು ಹೋದರು.

ಇದು ಹೀಗೇಕೆ ಎಂದು ನಮ್ಮವರು ಶೆಡ್ಡಿನಿಂದ ತಿಳಿದುಕೊಂಡು ಬಂದರು. ಅಲ್ಲಿ ಅವರ ಜೊತೆಗಾರನೊಬ್ಬನಿಗೆ ಕೋಲಾರದ ಕಡೆ ಮಾವಿನ ತೋಪಿತ್ತು. ಅವನು ಆ ವರ್ಷದ ಮಳೆಗೆ ಹಿಡಿಶಾಪ ಹಾಕುತ್ತಿದ್ದನಂತೆ. ಮಾವು ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಬುಡ ಒಣಗಬೇಕು. ಆಗ ನೀರು ಬಿದ್ದರೆ ಮರ ಹೂವಿನ ಯೋಚನೆ ಬಿಟ್ಟು ಚಿಗುರಿಗೆ ಕೂತುಬಿಡುತ್ತದೆ. ಮಳೆ ನಿಂತು ಒಣಗಿದರೆ ತಡವಾಗಿಯಾದರೂ ಹೂ ಬಂದೀತು, ಇಲ್ಲದಿದ್ದರೆ ಆ ವರ್ಷ ಅಷ್ಟೇ.

ಇದನ್ನು ಹೇಳಿ ಮುಗಿಸಿದ ನಮ್ಮವರು ನನ್ನ ಮುಖ ನೋಡಿದರು, ನಾನು ಮೂಲೆಯಲ್ಲಿದ್ದ ಬಕೆಟ್ ನೋಡಿದೆ. ಮಳೆ ಅಷ್ಟರಲ್ಲಿ ನಿಂತು ಹೋಗಿತ್ತು. ಅದು ಬಿಟ್ಟ ಕೆಲಸವನ್ನು ನಾವು ಹಿಡಿದೆವು.

ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಒಗೆದ ನೀರು, ಸ್ನಾನದ ನೀರು, ಎಲ್ಲವೂ ಮರದ ಬುಡಕ್ಕೆ. ನಮ್ಮವರಂತೂ ದಿನಕ್ಕೆರಡು ಸಲ ಸ್ನಾನ ಮಾಡತೊಡಗಿದರು. ನಾನು ಕೊಡ ಸೊಂಟಕ್ಕಿಟ್ಟು ನಲ್ಲಿಯಿಂದ ಮರಕ್ಕೆ ಓಡಾಡುತ್ತಿದ್ದೆ. ಓನರಮ್ಮ ಕಿಟಕಿಯಿಂದ ನೋಡಿ, "ಮರದ ಮೇಲೆ ಎಷ್ಟು ಪ್ರೀತಿ ಮಾ ನಿಂಗೆ!" ಎಂದರು. ನಾನು ಪಾಪದವಳ ಹಾಗೆ ತಲೆ ತಗ್ಗಿಸಿದೆ. ಮರುದಿನ ನೋಡಿದರೆ ಅವರದೇ ಹಸಿರು ಪೈಪು ಮರದ ಬುಡದವರೆಗೆ ಬಂದು ಬಿದ್ದಿದೆ. "ಕೊಡಗಿಡ ಎತ್ಬೇಡ. ನಲ್ಲಿ ತಿರುಗಿಸ್ಬಿಟ್ಟು ಕೂತ್ಕೋ" ಎಂದರು. ನೀರಿಗೆ ಪ್ರಾಣ ಬಿಡುವ ಹೆಂಗಸು ಪೈಪು ಕೊಡುತ್ತಾರೆಂದರೆ ನನ್ನ ನಟನೆ ಎಷ್ಟು ಚೆನ್ನಾಗಿರಬೇಕು ಎಂದು ಬೀಗಿದೆ.

ಆದರೆ ಆ ಬೀಗುವಿಕೆ ಹೆಚ್ಚು ದಿನ ಉಳಿಯಲಿಲ್ಲ. ಜನವರಿಯ ಕೊನೆಯಲ್ಲಿ ಓನರಮ್ಮ ಇದ್ದಕ್ಕಿದ್ದಂತೆ ಟೆರೇಸಿಗೆ ಬೀಗ ಹಾಕಿಬಿಟ್ಟರು. ಅಲ್ಲಿಯವರೆಗೆ ನಾನು ಬಟ್ಟೆ ಒಣಹಾಕುತ್ತಿದ್ದದ್ದು ಅಲ್ಲೇ. ಕೇಳಿದರೆ, "ಮೆಟ್ಟಿಲೆಲ್ಲ ಪಾಚಿ. ಜಾರಿ ಬಿದ್ರೆ ಯಾರು ಜವಾಬ್ದಾರಿ? ಹತ್ತಲೇಬೇಡ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಳೆ ನಿಂತು ಎಷ್ಟೋ ದಿನವಾಗಿ ಮೆಟ್ಟಿಲು ಒಣಗಿ ಬೆಳ್ಳಗಿತ್ತು. ಹೂ ಬಿಡಲಿಲ್ಲವೆಂದು ಈಗ ಕಾಟ ಕೊಟ್ಟು ಓಡಿಸುವ ಉಪಾಯ ಇದು ಎಂದುಕೊಂಡೆ. ಅವತ್ತು ರಾಗಿ ಗಂಜಿ ತಿರುವುತ್ತಾ ಅವರಿಗೆ ನಮ್ಮೂರಿನ ಬೈಗುಳಗಳನ್ನೆಲ್ಲ ಒಂದು ಸುತ್ತು ಬೈದೆ. ಗಂಜಿ ಗಂಟಾಯಿತು.

ಅವರ ವಿಚಿತ್ರಗಳು ಅಲ್ಲಿಗೇ ನಿಲ್ಲಲಿಲ್ಲ. ಅಲ್ಲಿಯವರೆಗೆ ಅವರ ಮನೆ ಪಕ್ಕದ ಸಿಮೆಂಟಿನ ಅಂಗಳ ಗುಡಿಸುವುದು ನನ್ನ ಪಾಲಿಗಿತ್ತು. ಈಗ ಮಂಡಿನೋವಿನ ಹೆಂಗಸು ನಾನು ಏಳುವ ಮುಂಚೆಯೇ ಪೊರಕೆ ಹಿಡಿದು ಪರಪರ ಗುಡಿಸಿ ಮುಗಿಸಿರುತ್ತಿದ್ದರು. "ನಿಂಗೆ ಗುಡಿಸಕ್ಕೆ ಬರಲ್ಲ" ಎಂದರು. ಸರಿ, ಬೇಡವಾದರೆ ಬೇಡ ಎಂದು ನಾನೂ ಆ ಕಡೆಗೆ ತಲೆ ಹಾಕಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲ್ಲಿಂದಲೋ ಸಿಹಿಯೂ ಒಗರೂ ಬೆರೆತ ಒಂದು ವಾಸನೆ ತೇಲಿ ಬರುತ್ತಿತ್ತು. ಸಂಜೆ ನಮ್ಮವರಿಗೆ ಹೇಳಿದರೆ, "ನಿಂದು ಬಸುರಿ ಮೂಗು. ಇಲ್ಲದ್ದೆಲ್ಲ ವಾಸನಿ ಬರ್ತದ" ಎಂದು ನಕ್ಕರು. ನಮ್ಮ ಶೀಟಿನ ಮೇಲಿನ ಕೊಂಬೆಗಳಲ್ಲಿ ಎಲೆಯ ಮೇಲೆ ಎಲೆ, ಒಂದು ಹೂವಿನ ಸುಳಿವಿಲ್ಲ.

ಒಂದು ದಿನ ಮೇಸ್ತ್ರಿ ಟೇಪು ಹಿಡಿದು ಬಂದೇ ಬಿಟ್ಟ. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ.

"ಅಮ್ಮಾ, ಜಲ್ಲಿ ಹಾಕಿಸ್ಲಾ? ಇವ್ರು ಯಾವಾಗ ಖಾಲಿ ಮಾಡ್ತಾರೆ?"

"ಮಾವು ಹೂ ಬಿಟ್ಟಾಗ ಅಂತ ಮಾತಾಗಿದೆಯಪ್ಪಾ. ನೋಡು, ನೀನೇ ನೋಡು, ಎಲ್ಲಿದೆ ಹೂ?"

ಮೇಸ್ತ್ರಿ ನಮ್ಮ ಅಂಗಳದಲ್ಲಿ ನಿಂತು ಕತ್ತೆತ್ತಿ ಸುತ್ತು ಹಾಕಿದ. "ಈ ಸಲ ಮಳೆ ಎಲ್ಲಾ ಕೆಡಿಸ್ಬಿಡ್ತಮ್ಮಾ" ಎಂದು ಗೊಣಗಿಕೊಂಡು ಟೇಪು ಮಡಚಿ ಹೋದ. ನಾನು ಒಳಗೆ ಗೋಡೆ ಹಿಡಿದುಕೊಂಡೇ ಕುಣಿದೆ. ಬಕೆಟ್ಟು ಗೆದ್ದಿತ್ತು!

ಏಳನೆಯ ತಿಂಗಳು ಮುಗಿಯುವ ಹೊತ್ತಿಗೆ ಸೆರಗನ್ನು ಎಷ್ಟು ಎಳೆದು ಹೊದ್ದರೂ ಹೊಟ್ಟೆ ನನಗಿಂತ ಮೊದಲು ಬಾಗಿಲಿನಾಚೆ ಹೋಗುತ್ತಿತ್ತು. ನಲ್ಲಿಯ ಹತ್ತಿರ ಓನರಮ್ಮ ಎದುರಾಗಿ ಕಣ್ಣು ಕಿರಿದು ಮಾಡಿ ನೋಡಿದರು. ಈಗ ಮುಗಿಯಿತು ಎಂದುಕೊಂಡೆ.

"ಹಬ್ಬದೂಟ ಜಾಸ್ತಿ ಆಯ್ತೇನ್ಮಾ? ಸ್ವಲ್ಪ ದಪ್ಪ ಆಗಿದೀಯ."

"ಹೌದ್ರೀ ಅಮ್ಮಾರ" ಎಂದೆ ತಕ್ಷಣ. "ಹೋಳಿಗಿ ಭಾಳ ತಿಂದೆ."

"ತಿನ್ನು, ತಿನ್ನು. ಹೋಳಿಗೆ ಒಳ್ಳೇದು" ಎಂದು ಅವರು ಹೋದರು. ಇಂಥ ಕಣ್ಣು ಕಾಣದ ಹೆಂಗಸನ್ನು ನಾನೆಲ್ಲೂ ನೋಡಿರಲಿಲ್ಲ.

ಯುಗಾದಿ ಬಂತು. ಆ ಹೊತ್ತಿಗೆ ಇನ್ನು ಇವತ್ತೋ ನಾಳೆಯೋ ಎನ್ನುವಂತಿದ್ದೆ. ಕಾಲು ಊದಿಕೊಂಡು ಬಾಗಿಲ ಹೊಸ್ತಿಲ ಮೇಲೆ ಕೂತಿದ್ದೆ. ಬೆಳಗಿನಿಂದ ಅವ್ವನ ನೆನಪು ಬಿಟ್ಟೂಬಿಡದೆ ಕಾಡುತ್ತಿತ್ತು. ಅವಳಿದ್ದಿದ್ದರೆ ನಾನು ಕೇಳುವ ಮುಂಚೆಯೇ ಏನಾದರೂ ಮಾಡಿ ತಂದು ಬಾಯಿಗಿಡುತ್ತಿದ್ದಳು ಎಂದು ಅಳು ಬರುತ್ತಿತ್ತು. ಆಗ ಓನರಮ್ಮ ಬಂದರು. ಒಂದು ಕೈಯಲ್ಲಿ ಮಾವಿನಕಾಯಿ ಚಿತ್ರಾನ್ನದ ತಟ್ಟೆ, ಇನ್ನೊಂದು ಕೈಯಲ್ಲಿ ಬಾಳೆಯೆಲೆಯ ತುಂಡಿನಲ್ಲಿ ಸುತ್ತಿದ ಏನೋ ಒಂದು.

"ಹಬ್ಬ ಅಲ್ವಾ, ತಗೋ. ಇದು ಬೇರೆ, ನಿಂಗೆ."

ಬಿಚ್ಚಿದೆ. ಎಳೇ ಮಾವಿನಕಾಯಿ, ಮುಷ್ಟಿಯೊಳಗೆ ಕೂರುವಷ್ಟು, ಕಡುಹಸಿರು. ಬಾಯಿಗಿಡಲು ಹೋದವಳು ತಡೆದೆ. ತೊಟ್ಟಿನಿಂದ ಸೊನೆ ಒಸರಿ ನನ್ನ ಬೆರಳಿಗೆ ಅಂಟುತ್ತಿತ್ತು. ಮಾರ್ಕೆಟ್ಟಿನ ಕಾಯಿಯಲ್ಲಿ ಸೊನೆ ಒಣಗಿ ಕಪ್ಪಾಗಿರುತ್ತದೆ. ಇದು ಈಗಷ್ಟೇ ಕಿತ್ತದ್ದು, ಹಸಿ ಹಸಿಯಾಗಿತ್ತು.

"ಅಮ್ಮಾರ, ಇದು ಯಾವ ಗಿಡದ್ದು?"

"ಮರ" ಎಂದರು ಓನರಮ್ಮ.

ನಾನು ಕತ್ತೆತ್ತಿ ನಮ್ಮ ಮಾವನ್ನು ನೋಡಿದೆ. ಶೀಟಿನ ಮೇಲೆ ಅದೇ ದಟ್ಟ ಎಲೆ. ಅವರು ನನ್ನ ಕಣ್ಣು ಹೋದ ಕಡೆ ನೋಡಿ, "ಆ ಕಡೆ ಏನ್ ನೋಡ್ತೀಯ? ನೀರು ಹಾಕಿ ಹಾಕಿ ಗಂಡ ಹೆಂಡ್ತಿ ಅದನ್ನ ಕೊಬ್ಬಿಸ್ಬಿಟ್ರಿ. ಟೆರೇಸ್ ಕಡೆ ಕೆಳಗೆಲ್ಲ ಸಿಮೆಂಟು, ಅಲ್ಲಿ ನಿಮ್ಮ ಸ್ನಾನದ ನೀರು ಹೋಗುತ್ತಾ?" ಎಂದರು.

ಕಾಯಿ ಇಷ್ಟು ದಪ್ಪವಾಗಬೇಕಾದರೆ ಹೂ ಬಿಟ್ಟು ಎರಡು ತಿಂಗಳಾದರೂ ಆಗಿರಬೇಕು. ಟೆರೇಸಿಗೆ ಬೀಗ ಬಿದ್ದ ಹೊತ್ತು. ಉದುರಿದ ಹೂ ನನ್ನ ಕಣ್ಣಿಗೆ ಬೀಳದಿರಲಿ ಎಂದು ಆ ಮಂಡಿನೋವಿನಲ್ಲೂ ನಸುಕಿಗೇ ಎದ್ದು ಪೊರಕೆ ಹಿಡಿಯುತ್ತಿದ್ದರಲ್ಲ! ಕೆಮ್ಮಿಗೆಂದು ಬಂದ ಶುಂಠಿ ಕಷಾಯವೂ ನೆನಪಾಯಿತು, ಕೊಡ ಎತ್ತಬೇಡ ಎಂದದ್ದೂ. ಅವರಿಗೆ ಬೈದ ಬೈಗುಳಗಳೆಲ್ಲ ಸಾಲಾಗಿ ಎದುರು ಬಂದು ನಿಂತವು, ಜೊತೆಗೆ ನಗು, ಅದರ ಹಿಂದೆ ಅಳು. ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಕಾಯಿ ಹಿಡಿದು ಕೂತೆ.

"ಹಂಗಾದ್ರ ನಾವು ಮನಿ ಯಾವಾಗ ಬಿಡಬೇಕ್ರೀ ಅಮ್ಮಾರ?"

"ಮಾವು ಹೂ ಬಿಟ್ಟಾಗ. ಒಂದ್ಸಲ ಹೇಳಿದ ಮೇಲೆ ಮುಗೀತು."

"ಅಲ್ರೀ, ಈಗಾಗಲೇ ಬಿಟ್ಟಿತ್ತಲ್ರೀ?"

ಅವರು ಚಿತ್ರಾನ್ನದ ತಟ್ಟೆಯನ್ನು ನನ್ನ ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಹೊಸ್ತಿಲ ಮೇಲೆ ನನ್ನ ಜೊತೆ ಕೂತರು. ಸೆರಗಿನ ಗಂಟಿನಿಂದ ಕಾಗದದ ಪೊಟ್ಟಣ ತೆಗೆದರು. ಬಿಚ್ಚಿದರೆ ಉಪ್ಪು, ಕೆಂಪು ಕಾರದ ಪುಡಿ.

"ಬಿಡು ಮಾ" ಎಂದರು. "ತಿನ್ನು."